ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು

‘ಹೋದ ವರ್ಷ ಚೆನ್ನಾಗಿಯೇ ಓಡ್ತಿತ್ತು. ಆಮೇಲೆ ಯಾರೂ ಮುಟ್ಟೇ ಇಲ್ಲ. ಈಗ ಎಷ್ಟು ಎಳೆದರೂ ಸ್ಟಾರ್ಟ್ ಆಗ್ತಿಲ್ಲ, ಯಾಕೆ?’ ಕಳೆ ತೆಗೆಯುವ ಯಂತ್ರ, ಔಷಧಿ ಹೊಡೆಯುವ ಪಂಪು, ಪುಟ್ಟ ಜನರೇಟರು ಇರುವ ಮನೆಗಳಲ್ಲಿ ಮುಂಗಾರು ಶುರುವಾಗುವ ಹೊತ್ತಿಗೆ ಏಳುವ ಪ್ರಶ್ನೆ ಇದು. ನೆಲಮಂಗಲದ ಪಕ್ಕದ ಅರಿಶಿನಕುಂಟೆಯಂಥ ಊರಿನಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿದೆ. ಊರು ನಗರಸಭೆಗೆ ಸೇರಿದೆ, ತುಮಕೂರು ಹೆದ್ದಾರಿ ಪಕ್ಕದಲ್ಲೇ ಇದೆ, ಆದರೂ ಹೊಲ ತೋಟದ ಕೆಲಸ ಪೂರ್ತಿ ನಿಂತಿಲ್ಲ. ಹಾಗಾಗಿ ಒಂದೇ ಮನೆಯಲ್ಲಿ ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿ, ಹಿತ್ತಲ ಶೆಡ್ಡಿನಲ್ಲಿ ಪೆಟ್ರೋಲ್ ಯಂತ್ರ, ಅಡುಗೆಮನೆಯ ಮೂಲೆಯಲ್ಲಿ ಎರಡನೇ ಸಿಲಿಂಡರು, ಮೂರೂ ‘ಬೇಕಾದಾಗ ಇರಲಿ’ ಎಂದು ಕಾದು ಕೂತಿರುತ್ತವೆ. ಕೇಳಿದವರ ಪ್ರಶ್ನೆಯಲ್ಲೇ ಉತ್ತರವೂ ಇದೆ: ಯಾರೂ ಮುಟ್ಟದೆ ಬಿಟ್ಟದ್ದೇ ಯಂತ್ರ ಕೆಡಲು ಕಾರಣ. ಬಳಸಿದರೆ ಸವೆಯುತ್ತದೆ, ಎತ್ತಿಟ್ಟರೆ ಹಾಗೇ ಉಳಿಯುತ್ತದೆ ಎಂಬ ನಂಬಿಕೆ ಕಬ್ಬಿಣದ ಹಾರೆಗೆ, ಕುಡುಗೋಲಿಗೆ ಬಹುಮಟ್ಟಿಗೆ ಸರಿ. ಪೆಟ್ರೋಲಿಗೂ ಬ್ಯಾಟರಿಗೂ ಅದು ಪೂರ್ತಿ ತಪ್ಪು. ಇವುಗಳ ಒಳಗಿನ ರಸಾಯನ ಕ್ರಿಯೆ ನಾವು ಬೀಗ ಹಾಕಿದ ಮೇಲೂ ನಡೆಯುತ್ತಲೇ ಇರುತ್ತದೆ.

ಪೆಟ್ರೋಲಿನಿಂದಲೇ ಶುರು ಮಾಡೋಣ. ಅದು ಒಂದು ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಕೆಲವು ನಮ್ಮ ಬೇಸಿಗೆಯ ಮಧ್ಯಾಹ್ನದ ಬಿಸಿಗೇ ಕುದಿಯುವಷ್ಟು ಹಗುರ, ಇನ್ನು ಕೆಲವು 200 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಂದರೂ ಹಟ ಹಿಡಿದು ಕೂರುವಂಥವು. ತಣ್ಣಗಿರುವ ಎಂಜಿನ್ನು ಮೊದಲ ಎಳೆತಕ್ಕೆ ಹೊತ್ತಿಕೊಳ್ಳಬೇಕಾದರೆ ಹಗುರ ಅಂಶಗಳು ಬೇಕೇ ಬೇಕು, ಏಕೆಂದರೆ ಆ ಕ್ಷಣದಲ್ಲಿ ಆವಿಯಾಗಬಲ್ಲವು ಅವು ಮಾತ್ರ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡಲು ಇರುವ ಸಣ್ಣ ದಾರಿಯಿಂದ ಮೊದಲು ತಪ್ಪಿಸಿಕೊಂಡು ಹೋಗುವವೂ ಅವೇ. ಉಳಿದ ಪೆಟ್ರೋಲು ನೋಡಲು ಪೆಟ್ರೋಲೇ, ಬೆಂಕಿ ಕೊಟ್ಟರೆ ಉರಿಯುತ್ತದೆ ಕೂಡ, ಆದರೆ ಎಂಜಿನ್ನನ್ನು ಎಬ್ಬಿಸುವ ಶಕ್ತಿ ಅದರಲ್ಲಿ ಕುಗ್ಗಿರುತ್ತದೆ. ಜೊತೆಗೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿರುತ್ತದೆ. ಪೆಟ್ರೋಲಿನಲ್ಲಿರುವ ಕೆಲವು ಅಣುಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಕಂದು ಬಣ್ಣದ ಅಂಟಾಗುತ್ತವೆ. ಈ ಅಂಟು ಮೊದಲು ತೊಂದರೆ ಕೊಡುವುದು ಟ್ಯಾಂಕಿನಲ್ಲಲ್ಲ, ಕಾರ್ಬ್ಯುರೇಟರಿನಲ್ಲಿ. ಅಲ್ಲಿ ನಿಲ್ಲುವುದು ಕೆಲವೇ ಚಮಚ ಪೆಟ್ರೋಲು, ಅದು ಬೇಗ ಆರುತ್ತದೆ, ಆರಿದಲ್ಲಿ ಅಂಟು ಉಳಿಯುತ್ತದೆ. ಇಂಧನ ಹಾಯುವ ಜೆಟ್ಟಿನ ರಂಧ್ರವೋ ಒಂದು ಮಿಲಿಮೀಟರಿಗಿಂತ ಕಿರಿದು. ಅಂಟಿನ ತೆಳು ಪೊರೆಯೊಂದು ಅದನ್ನು ಅರ್ಧ ಮುಚ್ಚಿದರೂ ಸಾಕು, ಇಡೀ ಯಂತ್ರ ಮೂಲೆ ಸೇರುತ್ತದೆ. ಆದ್ದರಿಂದಲೇ ಸಣ್ಣ ಎಂಜಿನ್ನುಗಳ ಕೈಪಿಡಿಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಿಸುವುದಾದರೆ ಇಂಧನ ಖಾಲಿ ಮಾಡಿ ಎಂದು ಸಾಮಾನ್ಯವಾಗಿ ಹೇಳುತ್ತವೆ.

ಈ ಹಳೆಯ ಕಥೆಗೆ ಈಗ ಹೊಸ ಪಾತ್ರವೊಂದು ಬಂದಿದೆ, ಎಥನಾಲ್. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ನರೇಂದ್ರ ಮೋದಿ ದೇಶದ 84 ಬಂಕುಗಳಲ್ಲಿ ಮಾರಾಟಕ್ಕೆ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು. ಅದು ನಡೆದದ್ದು ಇದೇ ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದ ‘ಇಂಡಿಯಾ ಎನರ್ಜಿ ವೀಕ್’ ಸಮಾವೇಶದಲ್ಲಿ, ಅರಿಶಿನಕುಂಟೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು ಸರ್ಕಾರ 2025ಕ್ಕೇ ಎಳೆದುಕೊಂಡಿತು. ಈಗ ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲಿ ಐದನೇ ಒಂದು ಪಾಲಿನವರೆಗೆ ಎಥನಾಲ್ ಇರುತ್ತದೆ. ಎಥನಾಲಿನ ಸ್ವಭಾವವೇ ವಿಚಿತ್ರ ಮತ್ತು ಬಲು ಸೊಗಸು. ಅದು ಪೆಟ್ರೋಲಿನಲ್ಲಿ ಕರಗುತ್ತದೆ, ನೀರಿನಲ್ಲೂ ಕರಗುತ್ತದೆ. ಆದರೆ ಎರಡೂ ಎದುರಿಗಿದ್ದರೆ ನೀರಿನ ಕಡೆಗೇ ಅದರ ಒಲವು. 100 ಮಿಲಿಲೀಟರಿನ ಅಳತೆಯ ಗಾಜಿನ ಜಾಡಿಗೆ 80 ಮಿಲಿ ಇ20 ಪೆಟ್ರೋಲು, 20 ಮಿಲಿ ನೀರು ಹಾಕಿ ಕುಲುಕಿ ಇಟ್ಟರೆ ಈ ಒಲವು ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಗೆರೆ ಎಳೆದಂಥ ಗಡಿ ಏರ್ಪಡುತ್ತದೆ. ನೀರು ಹಾಕಿದ್ದು 20 ಮಿಲಿ, ಆದರೆ ಕೆಳಗಿನ ಪದರ 30 ಮಿಲಿಯನ್ನೂ ದಾಟಿರುತ್ತದೆ. ಹೆಚ್ಚಾದದ್ದು ನೀರಲ್ಲ, ಪೆಟ್ರೋಲಿನ ಸಂಗ ಬಿಟ್ಟು ನೀರಿನ ಹಿಂದೆ ಇಳಿದುಹೋದ ಎಥನಾಲ್. ಇದು ಪ್ರಯೋಗಾಲಯದಲ್ಲಿ ಮಾಡಿ ನೋಡುವ ಪರೀಕ್ಷೆ, ಅಡುಗೆಮನೆಯಲ್ಲಿ ಖಂಡಿತ ಬೇಡ.

ಯಂತ್ರದ ಟ್ಯಾಂಕಿನಲ್ಲೂ ನಡೆಯುವುದು ಇದೇ. ಶೇಕಡಾ 10ರಷ್ಟು ಎಥನಾಲ್ ಇರುವ ಒಂದು ಲೀಟರ್ ಪೆಟ್ರೋಲು ಸುಮಾರು 5 ಮಿಲಿ, ಅಂದರೆ ಒಂದು ಟೀ ಚಮಚ ನೀರನ್ನು ತನ್ನೊಳಗೆ ಅಡಗಿಸಿಕೊಳ್ಳಬಲ್ಲದು. ಇ20 ಇದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ. ಆ ಮಿತಿಯೊಳಗೆ ತೊಂದರೆಯಿಲ್ಲ, ನೀರೂ ಎಂಜಿನ್ನಿನ ಮೂಲಕ ಹೊರಗೆ ಹೋಗುತ್ತದೆ. ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಇಂಧನ ಒಯ್ಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ತಂಪು ಹೆಚ್ಚಿದಷ್ಟೂ ಈ ತಾಳಿಕೆ ಕಡಿಮೆಯಾಗುತ್ತದೆ, ಹಾಗಾಗಿ ಮಧ್ಯಾಹ್ನ ಒಂದಾಗಿದ್ದ ಮಿಶ್ರಣ ಧನುರ್ಮಾಸದ ಬೆಳಗಿನ ಜಾವ ಎರಡಾಗಬಹುದು. ಇಲ್ಲಿ ಬಹಳ ಜನ ಒಂದು ಆಕ್ಷೇಪ ಎತ್ತುತ್ತಾರೆ: ‘ಹಾಗಾದರೆ ಎಥನಾಲ್ ಗಾಳಿಯಲ್ಲಿರುವ ನೀರನ್ನೆಲ್ಲ ಹೀರಿಕೊಂಡು ಟ್ಯಾಂಕು ಹಾಳು ಮಾಡುತ್ತದೆ, ಈ ಪೆಟ್ರೋಲೇ ಬೇಡ.’ ಈ ಮಾತು ಎಷ್ಟು ಹರಡಿದೆಯೆಂದರೆ ಅದನ್ನು ಲೆಕ್ಕ ಹಾಕಿ ನೋಡುವವರೇ ಇಲ್ಲ. ನಾವು ಹಾಕೋಣ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವ ತುಂಬಿ ತುಳುಕುವ ಗಾಳಿಯಲ್ಲೂ ಪ್ರತಿ ಘನ ಮೀಟರಿಗೆ ಇರುವುದು ಸುಮಾರು 30 ಗ್ರಾಂ ನೀರು, ಅಂದರೆ ಒಂದು ಲೀಟರ್ ಗಾಳಿಯಲ್ಲಿ 30 ಮಿಲಿಗ್ರಾಂ. ಒಂದು ಟೀ ಚಮಚ ನೀರು ಸೇರಬೇಕಾದರೆ ಅಂಥ ಗಾಳಿ 165 ಲೀಟರಿಗೂ ಹೆಚ್ಚು ಒಳಗೆ ಬಂದು, ತನ್ನ ತೇವದ ಕೊನೆಯ ಹನಿಯನ್ನೂ ಬಿಟ್ಟುಹೋಗಬೇಕು. ಹಗಲು ರಾತ್ರಿಯ ಬಿಸಿ–ತಂಪಿಗೆ ಒಂದು ಲೀಟರಿನ ಟ್ಯಾಂಕು ಉಸಿರಾಡುವುದು ತನ್ನ ಗಾತ್ರದ ಒಂದು ಸಣ್ಣ ಪಾಲನ್ನು ಮಾತ್ರ. ಮುಚ್ಚಳ ಸರಿಯಾಗಿ ಕೂತಿದ್ದರೆ ಗಾಳಿಯ ತೇವವೊಂದೇ ಪದರ ಬೇರ್ಪಡಿಸಲು ಎಷ್ಟೋ ತಿಂಗಳುಗಳೇ ಬೇಕು. ಅಷ್ಟರಲ್ಲಿ ಪೆಟ್ರೋಲು ಬೇರೆ ಕಾರಣಕ್ಕೆ ಆಗಲೇ ಹಳಸಿರುತ್ತದೆ.

ಹಾಗಾದರೆ ತಳದಲ್ಲಿ ಸಿಗುವ ನೀರು ಎಲ್ಲಿಂದ ಬಂತು? ದ್ರವರೂಪದಲ್ಲೇ ಬಂತು. ಸೋರುವ ಶೀಟಿನ ಕೆಳಗೆ ನಿಂತ ಯಂತ್ರಕ್ಕೆ ಮಳೆಯಿಂದ, ಒದ್ದೆ ಆಲಿಕೆಯಿಂದ, ತೊಳೆದು ಒಣಗಿಸದ ಕ್ಯಾನಿನಿಂದ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ತೊಳೆಯುವಾಗ ಬಂತು. ಆಯುಧಪೂಜೆಯನ್ನು ನೆನೆಸಿಕೊಳ್ಳಿ. ಕಳೆಯ ಕೆಲಸ ಮುಗಿದು ಯಂತ್ರ ಮೂಲೆ ಸೇರುವ ಹೊತ್ತಿಗೇ ಆ ಹಬ್ಬ ಬರುತ್ತದೆ. ಪೈಪು ಹಿಡಿದು ರಭಸದ ನೀರಿನಲ್ಲಿ ಯಂತ್ರದ ಮೈಯೆಲ್ಲ ತೊಳೆಯುತ್ತೇವೆ. ಟ್ಯಾಂಕಿನ ಮುಚ್ಚಳದೊಳಗಿನ ರಬ್ಬರು ಬಿರುಕು ಬಿಟ್ಟಿದ್ದರೆ ಒಂದು ಚಮಚ ನೀರು ಒಳಹೋಗಲು ಎಷ್ಟು ಹೊತ್ತು ಬೇಕು? ಆಮೇಲೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ನಿಂಬೆಹಣ್ಣು. ಪೂಜೆ ಮುಗಿದ ಮೇಲೆ ಅರ್ಧ ಟ್ಯಾಂಕು ಪೆಟ್ರೋಲು ಸಮೇತ ಯಂತ್ರ ಜೂನಿನವರೆಗೆ ಹಾಗೇ ನಿಲ್ಲುತ್ತದೆ. ಮುಂದಿನ ವರ್ಷ ಅದು ಏಳದಿದ್ದರೆ ‘ಯಾರದೋ ದೃಷ್ಟಿ ತಾಗಿದೆ’ ಎಂದು ಇನ್ನೊಂದು ನಿಂಬೆಹಣ್ಣು ಕಟ್ಟುವವರಿದ್ದಾರೆ. ಇದು ಬಿಡಬೇಕಾದ ಅಭ್ಯಾಸ. ಜೆಟ್ಟಿನ ರಂಧ್ರಕ್ಕೆ ಕಟ್ಟಿಕೊಂಡ ಅಂಟನ್ನು ಯಾವ ನಿಂಬೆಹಣ್ಣೂ ಕರಗಿಸದು. ದುಡಿದ ಉಪಕರಣಕ್ಕೆ ವರ್ಷಕ್ಕೊಮ್ಮೆ ಕೈ ಮುಗಿಯುವ ಪದ್ಧತಿ ಮಾತ್ರ ನಮ್ಮ ಹಿರಿಯರು ಬಿಟ್ಟುಹೋದ ಒಳ್ಳೆಯ ಆಸ್ತಿ. ಆ ದಿನ ಯಂತ್ರದ ಹೊಟ್ಟೆಯೊಳಗೂ ಒಮ್ಮೆ ನೋಡಿದರೆ ಪೂಜೆ ಪೂರ್ತಿಯಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಿಗೂ ಉತ್ತರ ಕೊಡಬೇಕು. ‘ಅಜ್ಜನ ಕಾಲದಲ್ಲಿ ಸೀಮೆಎಣ್ಣೆ ಡಬ್ಬದಲ್ಲಿ ವರ್ಷಗಟ್ಟಲೆ ಇರುತ್ತಿತ್ತಲ್ಲ?’ ಇರುತ್ತಿತ್ತು, ನಿಜ. ಸೀಮೆಎಣ್ಣೆಯಲ್ಲಿ ಹಾರಿಹೋಗುವ ಹಗುರ ಅಂಶಗಳಿಲ್ಲ, ಎಥನಾಲ್ ಇಲ್ಲ, ಅದನ್ನು ಉರಿಸುತ್ತಿದ್ದದ್ದು ದಪ್ಪ ಬತ್ತಿಯಲ್ಲಿ. ಆ ಅನುಭವವನ್ನು ಪೆಟ್ರೋಲಿಗೆ ಹಚ್ಚಲಾಗದು. ‘ಟ್ಯಾಂಕು ತುಂಬಿಟ್ಟರೆ ಒಳ್ಳೆಯದು ಎನ್ನುತ್ತಾರೆ, ಖಾಲಿ ಮಾಡಿ ಎಂದೂ ಹೇಳುತ್ತಾರೆ, ಯಾವುದು ಸರಿ?’ ಎರಡೂ ಸರಿ, ಅವಧಿ ಬೇರೆ. ಎರಡು ಮೂರು ವಾರದ ಬಿಡುವಾದರೆ ತುಂಬಿಡಿ, ಒಳಗೆ ಗಾಳಿ ಕಡಿಮೆಯಾಗಿ ಆವಿಯಾಗುವುದೂ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಖಾಲಿ ಮಾಡಿ, ನಂತರ ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರನ್ನೂ ಬರಿದು ಮಾಡಿ. ‘ಪೆಟ್ರೋಲು ದಂಡವಾಗುತ್ತದಲ್ಲ?’ ಆಗುವುದಿಲ್ಲ. ತೆಗೆದ ಪೆಟ್ರೋಲು ತಾಜಾ ಇದ್ದರೆ, ಎಂಜಿನ್ ಆಯಿಲ್ ಬೆರೆಸಿರದಿದ್ದರೆ, ಮನೆಯ ಬೈಕಿನ ಟ್ಯಾಂಕಿಗೆ ಹೋಗಲಿ, ಎರಡು ದಿನದಲ್ಲಿ ಮುಗಿಯುತ್ತದೆ. ಕರೆಂಟು ಹೋದಾಗ ಬೇಕೆಂದು ಜನರೇಟರಿಗೆ ಇಟ್ಟ ಪೆಟ್ರೋಲನ್ನೂ ಹೀಗೆಯೇ ತಿಂಗಳಿಗೊಮ್ಮೆ ಬೈಕಿಗೆ ಸುರಿದು ಹೊಸದು ತನ್ನಿ, ತಿಂಗಳಿಗೊಮ್ಮೆ ಹತ್ತು ನಿಮಿಷ ಜನರೇಟರನ್ನು ಓಡಿಸಿ. ಅದನ್ನು ಮನೆಯ ಒಳಗೆ ಮಾತ್ರ ಎಂದೂ ಓಡಿಸಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಬ್ಯಾಟರಿಯ ವಿಷಯವೂ ಇದೇ ತರ್ಕಕ್ಕೆ ಸೇರುತ್ತದೆ. ಫ್ರಾನ್ಸಿನ ಗಾಸ್ಟೊನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ–ಆಮ್ಲದ ಬ್ಯಾಟರಿಯೇ ಇಂದಿಗೂ ನಮ್ಮ ಬಹುಪಾಲು ಯುಪಿಎಸ್‌ಗಳಲ್ಲಿದೆ. ಮನೆಗೆ ಬೀಗ ಹಾಕಿ ಯುಪಿಎಸ್ ಆರಿಸಿ ಹೋದರೂ ಅದರ ಚಾರ್ಜು ತಾನಾಗಿಯೇ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಇಳಿದಾಗ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಸಣ್ಣ ಹರಳುಗಳು ಕೂರುತ್ತವೆ. ಬೇಗ ಚಾರ್ಜು ಮಾಡಿದರೆ ಅವು ಕರಗುತ್ತವೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿಯಾಗಿ ಬೆಳೆದು ಮತ್ತೆ ಕರಗಲು ಒಪ್ಪುವುದಿಲ್ಲ. 12 ವೋಲ್ಟಿನ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸಿದರೆ ಕ್ಷೇಮ, 12.4ಕ್ಕಿಂತ ಕೆಳಗಿಳಿದರೆ ಚಾರ್ಜು ಮಾಡಲೇಬೇಕು. ಬ್ಯಾಟರಿಯ ನೀರು ಇಳಿದಾಗ ತುಂಬಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಕೊಳವೆಬಾವಿಯ ಗಡಸು ನೀರಿನ ಲವಣಗಳು ಫಲಕಗಳಿಗೆ ವಿಷ. ಸಿಮೆಂಟು ನೆಲದ ಮೇಲೆ ಇಟ್ಟರೆ ಚಾರ್ಜು ಭೂಮಿಗೆ ಇಳಿದುಹೋಗುತ್ತದೆ ಎಂದು ಹಲಗೆ ಹುಡುಕುವವರು ಇನ್ನೂ ಇದ್ದಾರೆ. ಇಂದಿನ ಬ್ಯಾಟರಿಯ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ದಾಟಿ ಚಾರ್ಜು ಎಲ್ಲಿಗೂ ಇಳಿಯುವುದಿಲ್ಲ.

ಗ್ಯಾಸ್ ಸಿಲಿಂಡರಿನ ಕತೆ ಮಾತ್ರ ಬೇರೆ. ಅದರ ಕತ್ತಿನ ಸುತ್ತಲಿನ ಪಟ್ಟಿಗಳಲ್ಲೊಂದರ ಒಳಬದಿಗೆ ‘ಬಿ–28’ ಎಂಬಂಥ ಗುರುತಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್; ಮುಂದಿನದು ಇಸವಿ. ಇದನ್ನು ಗ್ಯಾಸು ಹಾಳಾಗುವ ದಿನಾಂಕವೆಂದು ತಿಳಿದು ಗಾಬರಿಯಾಗುವವರು ಬಹಳ. ಆಮ್ಲಜನಕ ಒಳಹೋಗದ ಉಕ್ಕಿನ ಪಾತ್ರೆಯಲ್ಲಿ ಒತ್ತಡದಲ್ಲಿರುವ ಆ ಅನಿಲಕ್ಕೆ ಹಳಸುವ ಭಯವಿಲ್ಲ. ಆ ಗುರುತು ಉಕ್ಕಿನ ಪಾತ್ರೆಯ ಮುಂದಿನ ಪರೀಕ್ಷೆಯ ಗಡುವು. ಗಡುವು ದಾಟಿದ ಸಿಲಿಂಡರು ಬಂದರೆ ತೆಗೆದುಕೊಳ್ಳದೆ ವಾಪಸು ಕಳಿಸುವ ಹಕ್ಕು ನಿಮಗಿದೆ. ಗ್ಯಾಸಿನ ಪಾಲಿಗೆ ವಯಸ್ಸಾಗುವುದು ರಬ್ಬರಿಗೆ. ಸಿಲಿಂಡರಿನಿಂದ ಒಲೆಗೆ ಹೋಗುವ ‘ಸುರಕ್ಷಾ’ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ನೋಡಲು ಹೊಸದರಂತೆ ಕಂಡರೂ.

ಕೊನೆಯದಾಗಿ ಕಾನೂನಿನ ಮಾತು, ಏಕೆಂದರೆ ಸಿದ್ಧತೆಯ ಹೆಸರಿನಲ್ಲಿ ಮನೆಯನ್ನೇ ಗೋದಾಮು ಮಾಡುವವರಿದ್ದಾರೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ, ಮಾರಾಟಕ್ಕಲ್ಲದೆ, ಒಬ್ಬರು ತಮ್ಮ ಬಳಿ ಒಟ್ಟು ಇಟ್ಟುಕೊಳ್ಳಬಹುದಾದ ಪೆಟ್ರೋಲು 30 ಲೀಟರ್ ಮಾತ್ರ. ಅದೂ ಬಿಗಿ ಮುಚ್ಚಳದ ಲೋಹದ, ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯಲ್ಲಿ. ಲೋಹದ ಪಾತ್ರೆ 25 ಲೀಟರು, ಗಾಜು–ಪಿಂಗಾಣಿಯದು ಒಂದು ಲೀಟರು ಮೀರಬಾರದು. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಗೆ ಅಲ್ಲಿ ಜಾಗವೇ ಇಲ್ಲ, ಮಕ್ಕಳಿರುವ ಮನೆಯಲ್ಲಂತೂ ಇರಲೇಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ದೂರದ ಕಿಡಿಯನ್ನು ಮುಟ್ಟುತ್ತದೆ. ಆದ್ದರಿಂದ ಹಂಡೆಯ ಒಲೆ, ಯುಪಿಎಸ್ ಮತ್ತು ಪೆಟ್ರೋಲು ಒಂದೇ ಕೋಣೆಯಲ್ಲಿ ಬೇಡ. ಮೂವತ್ತು ಲೀಟರ್ ಹಳಸಿದ ಪೆಟ್ರೋಲಿಗಿಂತ ಎರಡು ಲೀಟರ್ ತಾಜಾ ಪೆಟ್ರೋಲು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈ ಬಾರಿಯ ಆಯುಧಪೂಜೆಗೆ ನೀರಿನ ಪೈಪು ಹಿಡಿಯುವ ಮೊದಲು ಟ್ಯಾಂಕು ಖಾಲಿ ಮಾಡಿ, ಮುಚ್ಚಳದ ರಬ್ಬರು ನೋಡಿ, ಬ್ಯಾಟರಿಯ ನೀರಿನ ಮಟ್ಟ ನೋಡಿ, ಗ್ಯಾಸಿನ ಪೈಪಿನ ಮೇಲಿನ ಇಸವಿ ಓದಿ. ಅರ್ಧ ಗಂಟೆಯ ಕೆಲಸ. ಆಮೇಲೆ ಕುಂಕುಮ ಹಚ್ಚಿ.