ಕೆಂಪು ನೀರಿನ ಸೀಮೆಯಲ್ಲಿ ಶವರ್

ಹೊಳೆಬಾಗಿಲಿನ ಆಚೆ ದಡದ ತುಮರಿ, ಬ್ಯಾಕೋಡು ಕಡೆಯವರು ಮನೆ ಕಟ್ಟಿಸುವಾಗ ಸಿಮೆಂಟು, ಟೈಲ್ಸು, ನಲ್ಲಿ ಸಾಮಾನು ಎಲ್ಲವೂ ಲಾಂಚ್ ಏರಿ ಶರಾವತಿ ಹಿನ್ನೀರು ದಾಟಬೇಕಿತ್ತು, ಇಲ್ಲವೇ ಹೊಸನಗರದ ಕಡೆಯಿಂದ ಸುತ್ತಿ ಬರಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಷ್ಟ ತಪ್ಪಿತು. ಸಾಗರದಲ್ಲಿ ಬೆಳಿಗ್ಗೆ ಕೊಂಡ ಶವರ್ ಮಧ್ಯಾಹ್ನ ಬಚ್ಚಲಿನ ಗೋಡೆಯಲ್ಲಿ ಕೂತಿರಬಹುದು. ಆದರೆ ಅದನ್ನು ಇಲ್ಲಿಯ ನೀರಿಗೆ, ಇಲ್ಲಿಯ ಮಳೆಗೆ ತಕ್ಕಂತೆ ನೋಡಿಕೊಳ್ಳುವುದು ಹೇಗೆಂದು ಅಂಗಡಿಯವರು ಹೇಳುವುದಿಲ್ಲ, ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಟಿವಿ ಜಾಹೀರಾತಿನಲ್ಲಿ ತೋರಿಸುವುದು ನಲ್ಲಿಯ ಬಿಳಿ ಕಲೆ. ಅದು ಬಯಲುಸೀಮೆಯ ಕಾಯಿಲೆ. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಸುಣ್ಣದಂಶ, ನೀರು ಆರಿದ ಮೇಲೆ ಹರಳುಗಟ್ಟಿ ಉಳಿಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಬ್ಬಿ ನೀರು, ಬಾವಿ ನೀರು ಬಹುಪಾಲು ಮೆದು. ನಮ್ಮ ಕಲೆಯ ಬಣ್ಣ ಬೇರೆ, ಕೆಂಪು. ಜಂಬಿಟ್ಟಿಗೆ ನೆಲದ ಬೋರ್ ನೀರಿನಲ್ಲಿ ಕಬ್ಬಿಣದಂಶ ಕರಗಿರುತ್ತದೆ. ಮೇಲೆ ಬಂದಾಗ ನೀರು ತಿಳಿಯಾಗಿಯೇ ಕಾಣುತ್ತದೆ. ಗಾಳಿ ತಾಗಿದೊಡನೆ ಕಬ್ಬಿಣ ತುಕ್ಕಾಗಿ ಟೈಲ್ಸ್ ಮೇಲೆ ಕಂದು ಗೆರೆ ಎಳೆಯುತ್ತದೆ. ಅಬ್ಬಿಯಿಂದ ಪೈಪ್ ಎಳೆದ ಮನೆಗಳಲ್ಲಿ ಮಳೆಗಾಲಕ್ಕೆ ಇನ್ನೊಂದು ತಾಪತ್ರಯ: ಬಗ್ಗಡ ನೀರು, ಜೊತೆಗೆ ಕೊಳೆತ ದರಗಿನ ಚೂರು. ಹಿಂದೆ ಅಡಿಕೆ ಮರದ ದಂಬೆಯಲ್ಲಿ ನೀರು ಬರುತ್ತಿದ್ದಾಗ ಕಸ ಕಣ್ಣಿಗೆ ಕಾಣುತ್ತಿತ್ತು, ಕೈಹಾಕಿ ತೆಗೆಯುತ್ತಿದ್ದರು. ಕರಿ ಪೈಪಿನೊಳಗೆ ಬಂದದ್ದು ಮೊದಲು ಗೊತ್ತಾಗುವುದೇ ಶವರ್ ಕಟ್ಟಿಕೊಂಡಾಗ.

ಶವರ್ ಕಟ್ಟಲು ಒತ್ತಡ ಕಮ್ಮಿಯಿರುವುದೂ ಕಾರಣ. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಸಿಗುವುದು ಸುಮಾರು ಒಂದು ಬಾರ್ ಒತ್ತಡ. ಮಾಳಿಗೆಯ ಟ್ಯಾಂಕು ಶವರಿಗಿಂತ ಎರಡೇ ಮೀಟರ್ ಮೇಲಿದ್ದರೆ ಅದರ ಐದನೇ ಒಂದು ಪಾಲು ಮಾತ್ರ. ತೂತಿನಲ್ಲಿ ಕೂತ ಕೆಸರನ್ನು ಹೊರದಬ್ಬುವ ಬಲ ಆ ನೀರಿಗಿಲ್ಲ. ಅಂಥ ಮನೆಗೆ ತಟ್ಟೆಯಗಲದ, ನೂರಾರು ಸಣ್ಣ ತೂತಿನ ಶವರ್ ತರಲೇಬೇಡಿ. ಅಂಗೈಯಗಲದ್ದು ಸಾಕು, ತೂತು ತುಸು ದೊಡ್ಡದಿರಲಿ.

ಕಟ್ಟಿಕೊಂಡ ಶವರನ್ನು ಬಿಚ್ಚುವುದಕ್ಕೆ ಪ್ಲಂಬರ್ ಬೇಕಿಲ್ಲ. ಹಳೆಯ ಪಂಚೆಯ ತುಂಡನ್ನು ಕುತ್ತಿಗೆಗೆ ಸುತ್ತಿ ಸ್ಪ್ಯಾನರ್ ಹಿಡಿದರೆ ಹೊಳಪಿನ ಲೇಪ ಕೆರೆಯುವುದಿಲ್ಲ. ಒಳಗೊಂದು ರಬ್ಬರ್ ವಾಷರ್ ಇರುತ್ತದೆ, ಹಲವದರಲ್ಲಿ ನಾಣ್ಯದಗಲದ ಜಾಲರಿಯೂ ಇರುತ್ತದೆ. ಜಾಲರಿಯನ್ನು ಬೆರಳಿನಿಂದ ಒರೆಸಿದರೆ ಅರೆದ ರಾಗಿಯಂಥ ನುಣುಪಾದ ಕೆಮ್ಮಣ್ಣು ಅಂಟುತ್ತದೆ. ಅರ್ಧ ತೊಂದರೆ ಅಲ್ಲೇ ಇದೆ. ಉಳಿದರ್ಧಕ್ಕೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಕದಡಿ, ಶವರಿನ ಮುಖವನ್ನು ಒಂದು ತಾಸು ಮುಳುಗಿಸಿಡಿ. ಆಮೇಲೆ ತೂತುಗಳನ್ನು ಹಿಡಿಕಡ್ಡಿಯಿಂದ ಚುಚ್ಚಿ. ಸೂಜಿ, ಮೊಳೆ ಬೇಡ, ತೂತು ಹಿಗ್ಗಿ ನೀರು ಅಡ್ಡಾದಿಡ್ಡಿ ಚಿಮ್ಮುತ್ತದೆ. ರಬ್ಬರ್ ಮೊಗ್ಗಿನ ಶವರಾದರೆ ಹೆಬ್ಬೆರಳಿನಿಂದ ಉಜ್ಜಿದರೆ ಸಾಕು. ಮತ್ತೆ ಕೂರಿಸುವಾಗ ಪೈಪಿನ ತಿರುಪಿಗೆ ಬಿಳಿ ಟೇಪನ್ನು ಹೊಸದಾಗಿ ಸುತ್ತಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಉಳಿದ ದಿನಗಳಲ್ಲಿ ಮೂರು ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಶವರ್ ಬಹುಕಾಲ ಬಾಳುತ್ತದೆ.

ಈ ವಿದ್ಯೆ ನಮ್ಮ ಮನೆಗಳಿಗೆ ಹೊಸದೇನಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ತಾಮ್ರದ ಹಂಡೆಯ ಕಿಲುಬನ್ನು ಹುಣಸೆಹುಳಿಯಿಂದಲೋ ವಾಟೆಹುಳಿಯಿಂದಲೋ ತಿಕ್ಕಿ ಬೆಳಗುತ್ತಿದ್ದರಲ್ಲ, ಅದೂ ಇದೇ ರಸಾಯನಶಾಸ್ತ್ರ. ಮೆದು ಹುಳಿ ಕಿಲುಬನ್ನು ಕರಗಿಸುತ್ತದೆ, ತಾಮ್ರವನ್ನು ಉಳಿಸುತ್ತದೆ. ಟೈಲ್ಸ್ ಮೇಲಿನ ಕೆಂಪು ಗೆರೆಗೂ ಅದೇ ನಿಂಬೆ ಉಪ್ಪಿನ ನೀರು ಸಾಕು: ಬಟ್ಟೆ ಅದ್ದಿ ಅರ್ಧ ತಾಸು ಅಂಟಿಸಿಟ್ಟು ತಿಕ್ಕಬೇಕು. ನೆಲ ಅಮೃತಶಿಲೆಯದ್ದಾದರೆ ಮಾತ್ರ ಯಾವ ಹುಳಿಯನ್ನೂ ತಾಗಿಸಬೇಡಿ, ಕಲ್ಲೇ ಕರಗುತ್ತದೆ.

ಇಷ್ಟು ಸುಲಭದ ಮದ್ದಿರುವಾಗ ಊರೂರಿನಲ್ಲಿ ಬಚ್ಚಲಿಗೆ ಆಸಿಡ್ ಸುರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಆಸಿಡ್ ಒಮ್ಮೆಗೆ ಬೆಳ್ಳಗೆ ಮಾಡುತ್ತದೆ, ನಿಜ. ಜೊತೆಗೆ ಟೈಲ್ಸ್ ಸಂದಿನ ಸಿಮೆಂಟನ್ನು ತಿನ್ನುತ್ತದೆ, ನಲ್ಲಿಯ ಲೇಪ ಎಬ್ಬಿಸುತ್ತದೆ. ಟೊಳ್ಳಾದ ಸಂದಿನಲ್ಲಿ ಮರುವರ್ಷ ಕೊಳೆ ಇನ್ನೂ ಆಳಕ್ಕೆ ಕೂರುತ್ತದೆ. ಬ್ಲೀಚಿಂಗ್ ಪೌಡರ್ ಕಬ್ಬಿಣದ ಕಲೆಯನ್ನು ಬಿಡಿಸುವ ಬದಲು ಇನ್ನಷ್ಟು ಗಟ್ಟಿ ಮಾಡುತ್ತದೆ. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಈಪರ್‌ನ ಕಂದಕಗಳಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದು ಅದೇ ಅನಿಲವನ್ನು. ಬಾಗಿಲು ಹಾಕಿದ ಸಣ್ಣ ಬಚ್ಚಲಿನಲ್ಲಿ ಅದು ಉಸಿರಾಟಕ್ಕೇ ಸಂಚಕಾರ. ಇನ್ನು ಆ ಆಸಿಡ್ ನೀರು ಹೋಗುವುದೆಲ್ಲಿಗೆ? ನಮ್ಮಲ್ಲಿ ಬಚ್ಚಲಿನ ನೀರು ಹಿತ್ತಿಲ ಬಾಳೆಗೆ, ಕೆಸುವಿನ ಮಡಿಗೆ, ಅಲ್ಲಿಂದ ತೋಟದ ಕಪ್ಪಿಗೆ ಇಳಿಯುತ್ತದೆ. ಕಪ್ಪಿನ ನೀರು ಹಳ್ಳಕ್ಕೆ, ಹಳ್ಳ ಶರಾವತಿಗೋ ತುಂಗೆಗೋ.

ಮಳೆಗಾಲದ ಬೂಷ್ಟಿನ ಮಾತು ಬೇರೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಥಂಡಿಯಲ್ಲೂ ಹಳೆಯ ಬಚ್ಚಲುಮನೆ ಒಣಗಿರುತ್ತಿತ್ತು, ಏಕೆಂದರೆ ಬಚ್ಚಲೊಲೆಯ ಉರಿ ಗೋಡೆಯನ್ನು ಬೆಚ್ಚಗಿಡುತ್ತಿತ್ತು. ಶವರ್ ಬಂದ ಬಾತ್‌ರೂಮಿನಲ್ಲಿ ಒಲೆ ಹೋಯಿತು, ಹಬೆ ಉಳಿಯಿತು. ಬೆಂಕಿಯ ಕೆಲಸವನ್ನು ಈಗ ಗಾಳಿ ಮಾಡಬೇಕು. ಸ್ನಾನವಾದ ಕೂಡಲೇ ಗೋಡೆ, ನೆಲದ ನೀರನ್ನು ವೈಪರಿನಿಂದ ಎಳೆದು, ಬಾಗಿಲು ಕಿಟಕಿ ತೆರೆದಿಡುವುದು ಯಾವ ದ್ರಾವಣಕ್ಕಿಂತಲೂ ಮೇಲು. ಪಾಚಿ ಕಟ್ಟಿದ ನೆಲವನ್ನು ವಾರಕ್ಕೊಮ್ಮೆ ಬಟ್ಟೆ ಸೋಡದ ಬಿಸಿನೀರು ಹಾಕಿ ತೆಂಗಿನ ಜುಂಗಿನಿಂದ ತಿಕ್ಕಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಇದನ್ನು ಮುಂದೂಡಲೇಬೇಡಿ. ಗ್ಯಾಸ್ ಗೀಸರ್ ಇದ್ದವರು ಅದನ್ನು ಬಾತ್‌ರೂಮಿನ ಹೊರಗೋಡೆಗೇ ಕೂರಿಸಬೇಕು. ಮುಚ್ಚಿದ ಕೋಣೆಯಲ್ಲಿ ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಕೊನೆಗೊಂದು ಮಾತು, ಮಕ್ಕಳು ಬೆಂಗಳೂರಿನಲ್ಲಿರುವ ಮನೆಗಳವರಿಗೆ. ಅವರಿಗೆಂದು ಕಟ್ಟಿಸಿದ ಶವರ್ ತಿಂಗಳುಗಟ್ಟಲೆ ಬಳಕೆಯಿಲ್ಲದೆ ಇರುತ್ತದೆ. ಪೈಪಿನಲ್ಲಿ ನಿಂತ ಉಗುರುಬೆಚ್ಚನೆಯ ನೀರು ಲೀಜಿಯನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಇಷ್ಟದ ಜಾಗ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರಲ್ಲಿ ನ್ಯುಮೋನಿಯಾ ಹರಡಿದ ಮೇಲೆ ಗುರುತಾದ ರೋಗಾಣು ಅದು. ಕುಡಿದ ನೀರಿಗಿಂತ ಉಸಿರಿನೊಡನೆ ಒಳಹೋಗುವ ತುಂತುರಿನಿಂದಲೇ ಅದು ಶ್ವಾಸಕೋಶ ಸೇರುವುದು ಹೆಚ್ಚು. ಹಬ್ಬಕ್ಕೆ ಮಕ್ಕಳು, ಮೊಮ್ಮಕ್ಕಳು ಬರುವ ಹಿಂದಿನ ದಿನ ಶವರಿನ ಮುಖ ಬಿಚ್ಚಿ ತೊಳೆಯಿರಿ. ಆಮೇಲೆ ತುಂತುರು ಹಾರದಂತೆ ಬಟ್ಟೆ ಮುಚ್ಚಿ, ಬಿಸಿನೀರನ್ನು ಐದು ನಿಮಿಷ ಹರಿಯಬಿಟ್ಟು ಹೊರಗೆ ನಿಲ್ಲಿ.