ಮಹಾವೀರಾಚಾರ್ಯನ ಕಂಠಾಭರಣಸಂಖ್ಯೆ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ (ಕ್ರಿ.ಶ. ೮೧೪–೮೭೮) ಕಾಲದ ಕವಿರಾಜಮಾರ್ಗವನ್ನು ಸಾಹಿತ್ಯೋಪಾಧ್ಯಾಯರೆಲ್ಲರೂ ಬಲ್ಲರು. ಅದೇ ಅರಸನನ್ನು ಆದಿಯಲ್ಲಿ ಸ್ತುತಿಸಿ, ಸುಮಾರು ೮೫೦ರಲ್ಲಿ ಮಹಾವೀರಾಚಾರ್ಯನು ಸಂಸ್ಕೃತಪದ್ಯಗಳಲ್ಲಿ ರಚಿಸಿದ ಗಣಿತಸಾರಸಂಗ್ರಹವನ್ನು ಓದಿದವರು ವಿರಳ. ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಈ ಗ್ರಂಥವು ಗಣಿತಜ್ಞರಿಗೆ ಮಾತ್ರವಲ್ಲದೆ ಪಾಠಪರಿಷ್ಕರಣಕಾರರಿಗೂ ಉಪಯುಕ್ತವೆಂಬುದನ್ನು ಒಂದು ಸಂಖ್ಯೆಯ ಮೂಲಕ ತೋರಿಸುವುದೇ ಈ ಲೇಖನದ ಉದ್ದೇಶವು.

ಗುಣಾಕಾರಪ್ರಕರಣದಲ್ಲಿ ಆಚಾರ್ಯನು ಏಕಸ್ಥಾನದಿಂದ ಮೊದಲ್ಗೊಂಡು ಏಳು, ಸೊನ್ನೆ, ಎರಡು, ಎರಡು, ಐದು, ಒಂದು ಎಂಬ ಅಂಕೆಗಳನ್ನು ನಿಲ್ಲಿಸಿ, ಎಪ್ಪತ್ತಮೂರರಿಂದ ಗುಣಿಸಿದರೆ ಕಂಠಾಭರಣವಾಗುವುದೆಂದು ಹೇಳುತ್ತಾನೆ. ಲೆಕ್ಕವು ಹೀಗಿದೆ:

೧೫೨೨೦೭ × ೭೩ = ೧೧೧೧೧೧೧೧

ಒಂದು ಕೋಟಿ ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು ಎಂಬ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಎಂಟು ಸಮನಾದ ಮಣಿಗಳನ್ನು ಪೋಣಿಸಿದಂತಿರುವುದರಿಂದ ಕಂಠಾಭರಣವೆಂಬ ಹೆಸರು ಸಾರ್ಥಕವಾಗಿದೆ.

ಇದು ಆಕಸ್ಮಿಕವಲ್ಲ. ಎಂಟು ಒಂದುಗಳ ಸಂಖ್ಯೆಯು ೧೧೧೧ ಮತ್ತು ೧೦೦೦೧ ಇವುಗಳ ಗುಣಲಬ್ಧವು. ೧೧೧೧ ಎಂಬುದು ೧೧ × ೧೦೧. ೧೦೦೦೧ ಎಂಬುದು ೭೩ × ೧೩೭. ಈ ನಾಲ್ಕು ಅವಿಭಾಜ್ಯಗಳಲ್ಲಿ ೭೩ನ್ನು ಗುಣಕವಾಗಿ ಪ್ರತ್ಯೇಕಿಸಿದರೆ ಉಳಿದ ಮೂರರ ಗುಣಲಬ್ಧವೇ ೧೫೨೨೦೭. ಅವನ ಇನ್ನೊಂದು ಮಾಲೆಯಾದ ೧೪೨೮೫೭೧೪೩ × ೭ = ೧೦೦೦೦೦೦೦೦೧ ಎಂಬುದರ ಮರ್ಮವೂ ಇಂಥದೇ: ೧೦೦೧ನ್ನು ಏಳು ನಿಶ್ಶೇಷವಾಗಿ ಭಾಗಿಸುವುದು; ಆ ೧೦೦೧ನ್ನು ೯೯೯೦೦೧ರಿಂದ ಗುಣಿಸಿದರೆ ಈ ಮಾಲೆಯು ದೊರೆಯುವುದು.

ಇನ್ನು ಪಾಠವಿಚಾರ. ಶ್ಲೋಕದ ಅಂಕೆಗಳನ್ನು ಹೇಳಿದ ಕ್ರಮದಲ್ಲಿಯೇ ಎಡದಿಂದ ಬರೆದುಕೊಂಡರೆ ೭೦೨೨೫೧ ಆಗುವುದು. ೭೩ರಿಂದ ಗುಣಿಸಿದರೆ ೫೧೨೬೪೩೨೩ ಬರುವುದೇ ಹೊರತು ಮಾಲೆಯಾಗದು. ಲಿಪಿಕಾರನು ಶತಸ್ಥಾನದ ಎರಡನ್ನು ಮೂರಾಗಿ ಬರೆದರೆ ೧೧೧೧೮೪೧೧ ಆಗಿ ಹಾರದ ಮಣಿಗಳು ಕೆಡುವುವು. ಹೀಗೆ ಫಲವೇ ಪಾಠಕ್ಕೆ ಸಾಕ್ಷಿಯು. ಛಂದಸ್ಸು ಈ ರಕ್ಷಣೆಯನ್ನು ಕೊಡಲಾರದು. ಭೂತಸಂಖ್ಯೆಯಲ್ಲಿ 'ಗಿರಿ' ಎಂದರೆ ಏಳು, 'ಶಶಿ' ಎಂದರೆ ಒಂದು. ಎರಡಕ್ಕೂ ಎರಡೆರಡು ಲಘುಗಳೇ. ಒಂದರ ಬದಲು ಇನ್ನೊಂದನ್ನು ಬರೆದರೆ ವೃತ್ತವು ಕೆಡದು, ಕಾಲವು ಕೆಡುವುದು. ಶಕವರ್ಷದ ಶತಸ್ಥಾನದಲ್ಲಾದರೆ ಆರುನೂರು ವರ್ಷಗಳ ಅಂತರವು!

ಬಾಬಾಬುಡನ್‌ಗಿರಿಯೆಂದು ಪ್ರಸಿದ್ಧವಾದ ನಮ್ಮ ಚಂದ್ರದ್ರೋಣಪರ್ವತದ ಹೆಸರಿನಲ್ಲಿಯೇ ಈ ಎರಡು ಅಂಕೆಗಳೂ ಅಡಗಿವೆ. 'ಗಿರಿಚಂದ್ರ' ಎಂದರೆ ಹದಿನೇಳು, 'ಚಂದ್ರಗಿರಿ' ಎಂದರೆ ಎಪ್ಪತ್ತೊಂದು; ಮೊದಲ ಪದವು ಏಕಸ್ಥಾನಕ್ಕೆ ಸಲ್ಲತಕ್ಕದ್ದು. ಆದುದರಿಂದ ಕಳಸದಲ್ಲಾಗಲಿ ಮೂಡಿಗೆರೆಯ ಅಂಗಡಿಯಲ್ಲಾಗಲಿ ಶಾಸನವನ್ನೋದುವ ವಿದ್ಯಾರ್ಥಿಯು ಪದಗಳಲ್ಲಿ ಹೇಳಿದ ಶಕವರ್ಷವನ್ನು ಕಂಡಾಗ ವ್ಯಾಕರಣಶುದ್ಧಿಯಿಂದಲೇ ತೃಪ್ತನಾಗಬಾರದು. ಅಲ್ಲಿ ಮಹಾವೀರಾಚಾರ್ಯನ ಗುಣಕದ ಕೆಲಸವನ್ನು ಸಂವತ್ಸರನಾಮ, ತಿಥಿ, ವಾರಗಳು ಮಾಡುವುವು. ಅವುಗಳೊಡನೆ ಹೊಂದಿದರೆ ಮಾತ್ರ ಪಾಠವು ಗ್ರಾಹ್ಯವು. ಅಂಕೆಯನ್ನು ಓದುವವನು ಅದನ್ನು ಗುಣಿಸಿಯೂ ನೋಡಬೇಕೆಂಬುದೇ ಈ ಕಂಠಾಭರಣದಿಂದ ನಾವು ಕಲಿಯತಕ್ಕ ಪಾಠವು.