ಟೋಕನ್ ತಗೊಂಡ ಮೇಲೆ ಟಿಪ್ಸ್ ಯಾರಿಗೆ?

ನಾವು ಮೂರು ಜನ. ಒಬ್ಬ ಕಡೂರಿನವ, ಒಬ್ಬಳು ತರೀಕೆರೆಯವಳು, ಇನ್ನೊಬ್ಬ ಅಜ್ಜಂಪುರದವ. ರಜೆಗೆ ಊರಿಗೆ ಹೋದವರು ವಾಪಸ್ ಬರೋವಾಗ ಕಡೂರಲ್ಲಿ ಸೇರ್ತೀವಿ, ಹೈವೇ ಪಕ್ಕದ ಒಂದು ಸೆಲ್ಫ್ ಸರ್ವಿಸ್ ಹೋಟೆಲಲ್ಲಿ ತಿಂದು ಬಸ್ ಹತ್ತುತೀವಿ. ಹೋದ ಸೆಮಿಸ್ಟರಲ್ಲಿ ಒಂದಿನ ಅಲ್ಲಿ ಸಾಂಬಾರ್ ಚೆಲ್ಲಿಬಿಟ್ವಿ. ಸ್ವಲ್ಪ ಅಲ್ಲ, ಇಡೀ ಬಟ್ಟಲು, ಟೇಬಲ್ ಮೇಲಿಂದ ನೆಲದವರೆಗೆ. ಟೇಬಲ್ ಒರೆಸೋ ಅಕ್ಕ ಬಂದು, ಒಂದು ಮಾತೂ ಬೈಯದೆ, ಎಲ್ಲಾ ಕ್ಲೀನ್ ಮಾಡಿ, "ಬ್ಯಾಗ್ ಮೇಲೆ ಎತ್ಕೊಳ್ರಪ್ಪಾ, ನೆನೆಯುತ್ತೆ" ಅಂತ ಹೇಳಿ ಹೋದ್ರು. ನಮಗೆ ನಾಚಿಕೆ ಆಯ್ತು. ಜೇಬಲ್ಲಿ ಕ್ಯಾಶ್ ಇರಲಿಲ್ಲ. ಗಲ್ಲಾ ಹತ್ತಿರ ಇದ್ದ ಕ್ಯೂಆರ್ ಸ್ಕ್ಯಾನ್ ಮಾಡಿ 20 ರೂಪಾಯಿ ಹಾಕಿ, "ಇದು ಆ ಅಕ್ಕಂಗೆ ಕೊಡಿ ಸರ್" ಅಂದ್ವಿ. ಸೌಂಡ್ ಬಾಕ್ಸ್ ಜೋರಾಗಿ ಕೂಗ್ತು, ಕ್ಯಾಷಿಯರ್ ತಲೆ ಆಡಿಸಿದ್ರು, ನಾವು ಏನೋ ಸಾಧನೆ ಮಾಡಿದವರ ಥರ ಬಸ್ ಹತ್ತಿದ್ವಿ.

ಮುಂದಿನ ಸಲ ಹೋದಾಗ ಅದೇ ಅಕ್ಕನ್ನ ಕೇಳಿದ್ರೆ ಅವರಿಗೆ ವಿಷಯನೇ ಗೊತ್ತಿಲ್ಲ. "ಗಲ್ಲಾಕ್ಕೆ ಹೋದ ದುಡ್ಡು ಗಲ್ಲಾದೇ ಅಲ್ವೇನಪ್ಪಾ" ಅಂತ ನಕ್ಕರು. ಕ್ಯಾಷಿಯರ್ ಬೇಕಂತಲೇ ಇಟ್ಕೊಂಡ್ರು ಅಂತ ನಾವು ಹೇಳ್ತಿಲ್ಲ. ಬಸ್ ನಿಂತಾಗ ಎದುರಿಗೆ ಅಷ್ಟು ದೊಡ್ಡ ಸಾಲು ಇರುತ್ತೆ, ಅದರಲ್ಲಿ ಯಾರ 20 ರೂಪಾಯಿ ಯಾರಿಗೆ ಅಂತ ನೆನಪಿಟ್ಟುಕೊಳ್ಳೋದು ಕಷ್ಟವೇ. ಆದ್ರೆ ಆ ಮಾತು ನಮ್ಮ ತಲೆಯಲ್ಲೇ ಉಳಿದುಬಿಡ್ತು. ಸೆಲ್ಫ್ ಸರ್ವಿಸ್ ಹೋಟೆಲಲ್ಲಿ ಟಿಪ್ಸ್ ಕೊಡಬೇಕಾ? ಕೊಡೋದಾದ್ರೆ ಯಾರಿಗೆ, ಹೇಗೆ? ಊರಲ್ಲಿ ಅವರಿವರನ್ನ ಕೇಳಿ, ಸ್ವಲ್ಪ ಓದಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀವಿ.

ಮೊದಲು ಹಳೇ ಪದ್ಧತಿ ನೋಡೋಣ. ಕೂತು ತಿನ್ನೋ ಹೋಟೆಲಲ್ಲಿ ಲೆಕ್ಕ ಸುಲಭ. ಸಪ್ಲೈಯರ್ ನೀರು ಇಡ್ತಾರೆ, ಏನೇನಿದೆ ಅಂತ ಒಂದೇ ಉಸಿರಲ್ಲಿ ಹೇಳ್ತಾರೆ, ಚಟ್ನಿ ಎರಡನೇ ಸಲ ಹಾಕ್ತಾರೆ, ಕೊನೆಗೆ ಸೋಂಪಿನ ತಟ್ಟೆಯಲ್ಲಿ ಬಿಲ್ ತರ್ತಾರೆ. ಬಂದ ಚಿಲ್ಲರೆಯಲ್ಲಿ ಐದೋ ಹತ್ತೋ ಆ ತಟ್ಟೆಯಲ್ಲೇ ಬಿಟ್ಟು ಎದ್ದರೆ ಆಯ್ತು. ಯಾರಿಗೆ ಕೊಟ್ವಿ ಅನ್ನೋ ಗೊಂದಲ ಇಲ್ಲ.

ದರ್ಶಿನಿ ಬಂದು ಇದನ್ನೆಲ್ಲ ಬದಲಾಯಿಸ್ತು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಶುರು ಮಾಡಿಸಿದ ಕೆಫೆ ದರ್ಶಿನಿಯಿಂದ ಈ ಮಾದರಿ ಹಬ್ಬಿತು ಅಂತಾರೆ. ಮೊದಲು ದುಡ್ಡು, ಆಮೇಲೆ ಟೋಕನ್, ಕೌಂಟರಲ್ಲಿ ತಿಂಡಿ, ನಿಂತುಕೊಂಡೇ ತಿನ್ನೋದು. ಕಮ್ಮಿ ಜಾಗ, ಕಮ್ಮಿ ಜನ, ಕಮ್ಮಿ ರೇಟು. ತಿಂಡಿ ತಂದುಕೊಡೋ ಕೆಲಸವನ್ನ ಗಿರಾಕಿನೇ ಮಾಡೋದ್ರಿಂದ ಸಪ್ಲೈಯರ್ ಇಲ್ಲ, ಹಾಗಾಗಿ ಟಿಪ್ಸೂ ಇಲ್ಲ. ಈ ಲಾಜಿಕ್ ಸರಿಯಾಗೇ ಇದೆ, ಕೌಂಟರಲ್ಲಿ ದೋಸೆ ಎತ್ತಿಕೊಟ್ಟವರಿಗೆ ಟಿಪ್ಸ್ ಕೊಡೋ ರೂಢಿ ನಮ್ಮ ಕಡೆ ಎಲ್ಲೂ ಇಲ್ಲ, ಅವರೂ ನಿರೀಕ್ಷೆ ಮಾಡಲ್ಲ. ಕೊಡದೆ ಬಂದ್ರೆ ಸಂಕೋಚ ಪಡೋ ಅಗತ್ಯ ಏನೂ ಇಲ್ಲ.

ಆದ್ರೆ ಒಂದು ಕೆಲಸ ಮಾತ್ರ ಗಿರಾಕಿಗೆ ಬರಲೇ ಇಲ್ಲ. ಎಂಜಲು ಪ್ಲೇಟ್ ಎತ್ತೋದು, ಟೇಬಲ್ ಒರೆಸೋದು, ನೆಲ ಒರೆಸೋದು. ಅದನ್ನ ಯಾರೋ ಒಬ್ಬರು ಮಾಡ್ತಾನೇ ಇರ್ತಾರೆ. ಸಪ್ಲೈಯರ್ ಆದ್ರೆ ನಮ್ಮ ಜೊತೆ ಮಾತಾಡ್ತಾರೆ, ಮುಖ ಪರಿಚಯ ಆಗುತ್ತೆ. ಇವರು ಬರೋದು ನಾವು ಎದ್ದ ಮೇಲೆ. ಟಿಪ್ಸ್ ತಟ್ಟೆ ಇವರ ಹತ್ತಿರ ಹೋಗೋಕೆ ದಾರಿನೇ ಇಲ್ಲ. ನಮ್ಮ ಪ್ರಕಾರ ಸೆಲ್ಫ್ ಸರ್ವಿಸಲ್ಲಿ ಟಿಪ್ಸ್ ಕೊಡೋ ಮನಸ್ಸಿದ್ರೆ ಅದು ಸಲ್ಲಬೇಕಾಗಿರೋದು ಇವರಿಗೆ.

ಮೂರು ಊರಲ್ಲಿ ಮೂರು ಥರ ಅನುಭವ ಆಗಿದೆ ನಮಗೆ. ಕಡೂರಲ್ಲಿ ಬೆಂಗಳೂರು-ಶಿವಮೊಗ್ಗ ಬಸ್ಸುಗಳ ಜನ. ಕಂಡಕ್ಟರ್ "ಹತ್ತು ನಿಮಿಷ" ಅಂದಿರ್ತಾರೆ, ತಿಂದವರು ಓಡ್ತಾರೆ, ಮತ್ತೆ ಆ ಮುಖ ಕಾಣೋದೇ ಇಲ್ಲ. ಅಲ್ಲಿ ಟಿಪ್ಸ್ ವಿಚಾರ ಯಾರ ತಲೆಗೂ ಬರಲ್ಲ. ತರೀಕೆರೆಯಲ್ಲಿ ಇದರ ಉಲ್ಟಾ. ನಮ್ಮ ತರೀಕೆರೆಯವಳು ಮನೆಯವರ ಜೊತೆ ಹೋಗೋದು ಹಳೇ ಕೂತು ತಿನ್ನೋ ಹೋಟೆಲಿಗೆ. ಅಲ್ಲಿ ಸಪ್ಲೈಯರ್ "ಏನಮ್ಮಾ, ಕಾಲೇಜು ಹೆಂಗಿದೆ? ಅಜ್ಜಿ ಹುಷಾರಾಗಿದಾರಾ?" ಅಂತ ವಿಚಾರಿಸ್ತಾರೆ. ಚಿಕ್ಕವಳಿಂದ ನೋಡಿದವರಿಗೆ ಇವಳು ಹತ್ತು ರೂಪಾಯಿ ಟಿಪ್ಸ್ ಇಡೋದು ಹೇಗೆ? ಅವಳ ಅಪ್ಪ ಇಡೋದೇ ಇಲ್ಲ, ಯುಗಾದಿಗೆ, ದೀಪಾವಳಿಗೆ ನೂರು ರೂಪಾಯಿ ಕೈಗೆ ಕೊಡ್ತಾರಂತೆ, "ಹಬ್ಬಕ್ಕೆ" ಅಂತ.

ಅಜ್ಜಂಪುರದ ಕಥೆ ಇನ್ನೂ ಚೆನ್ನಾಗಿದೆ. ಚಿಕ್ಕ ಹೋಟೆಲು, ಓನರ್ರೇ ದೋಸೆ ಹಾಕ್ತಾರೆ, ಅವರ ಹೆಂಡತಿ ಗಲ್ಲಾದಲ್ಲಿ ಕೂರ್ತಾರೆ. ನಮ್ಮವನು ಬೆಂಗಳೂರು ನೋಡಿ ಬಂದ ಹುಮ್ಮಸ್ಸಲ್ಲಿ ಹತ್ತು ರೂಪಾಯಿ ಪ್ಲೇಟ್ ಪಕ್ಕ ಇಟ್ಟು ಎದ್ದು ಬಂದ. ಓನರ್ ಬಸ್ ಸ್ಟ್ಯಾಂಡ್ ತನಕ ಹಿಂದೆ ಬಂದ್ರು: "ಏ ತಮ್ಮಾ, ದುಡ್ಡು ಬಿಟ್ಟು ಬಂದೀಯಲ್ಲೋ!" ಟಿಪ್ಸ್ ಅಂತ ಹೇಳೋಕೆ ಇವನಿಗೆ ಬಾಯಿ ಬರಲಿಲ್ಲ, ಸುಮ್ನೆ ಇಸ್ಕೊಂಡ. ಓನರ್ರೇ ಕೆಲಸ ಮಾಡೋ ಕಡೆ ಟಿಪ್ಸ್ ಕೊಡಬಾರದು ಅನ್ನೋದು ಅವನಿಗೆ ಆವತ್ತು ಗೊತ್ತಾಯ್ತು. ಅವರ ಲಾಭ ದೋಸೆ ರೇಟಲ್ಲೇ ಇದೆ, ಮೇಲೆ ಕೊಟ್ಟರೆ ಅದು ಭಿಕ್ಷೆ ಥರ ಕಾಣುತ್ತೆ.

ಅಮೆರಿಕದಲ್ಲಿ ಕಾಫಿ ಅಂಗಡಿಯ ಕೌಂಟರಲ್ಲೂ ಸ್ಕ್ರೀನ್ ತಿರುಗಿಸಿ 15, 18, 20 ಪರ್ಸೆಂಟ್ ಅಂತ ಕೇಳ್ತಾರೆ, ನಾವೂ ಹಾಗೇ ಮಾಡಬೇಕೇನೋ ಅಂತ ರೀಲ್ಸ್ ನೋಡಿದವರಿಗೆ ಅನ್ನಿಸಬಹುದು. ಆದ್ರೆ ಅಲ್ಲಿ ಟಿಪ್ಸ್ ಇಷ್ಟು ಬೆಳೆಯೋಕೆ ಒಂದು ಕಾರಣ ಸಂಬಳದ ಕಾನೂನು. ಟಿಪ್ಸ್ ಸಿಗೋ ಕೆಲಸದವರಿಗೆ ಓನರ್ ಗಂಟೆಗೆ 2.13 ಡಾಲರ್ ಕೊಟ್ಟರೂ ನಡೆಯುತ್ತೆ, ಟಿಪ್ಸ್ ಸೇರಿ 7.25 ಡಾಲರ್ ಮುಟ್ಟಿದ್ರೆ ಸಾಕು ಅಂತ ಅಲ್ಲಿನ ಕೇಂದ್ರದ ಕಾನೂನು ಹೇಳುತ್ತೆ. ಆ 2.13 ಅನ್ನೋದು 1991ರಿಂದ ಬದಲಾಗಿಲ್ಲ. ಕೆಲವು ರಾಜ್ಯಗಳಲ್ಲಿ ಜಾಸ್ತಿ ಇದೆ. ಅಂದ್ರೆ ಅಲ್ಲಿ ಗಿರಾಕಿ ಕೊಡೋದು ಖುಷಿಯ ದುಡ್ಡಲ್ಲ, ಸಂಬಳದ ಒಂದು ಭಾಗ. ಕರ್ನಾಟಕದಲ್ಲಿ ಹೋಟೆಲ್ ಕೆಲಸಕ್ಕೆ ಸರ್ಕಾರ ಕನಿಷ್ಠ ವೇತನ ಗೊತ್ತು ಮಾಡುತ್ತೆ, ಟಿಪ್ಸ್ ಬರುತ್ತಲ್ಲ ಅಂತ ಅದರಲ್ಲಿ ಕಳೆಯೋ ಲೆಕ್ಕ ಇಲ್ಲ. ಅದು ಎಲ್ಲರ ಕೈಗೂ ಪೂರ್ತಿ ಸಿಗುತ್ತಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೇ ಪರ್ಸೆಂಟೇಜ್ ಲೆಕ್ಕವನ್ನ ಇಲ್ಲಿಗೆ ತರೋದು ಬೇಡ ಅಂತ ನಮ್ಮ ಅಭಿಪ್ರಾಯ.

ಬೆಂಗಳೂರಿಗೆ ಇಂಟರ್ನ್‌ಶಿಪ್‌ಗೆ ಹೋಗೋರಿಗೆ ಒಂದು ವಿಷಯ. ಬಿಲ್ಲಲ್ಲಿ 'ಸರ್ವಿಸ್ ಚಾರ್ಜ್' ಅಂತ ಕಂಡ್ರೆ ಅದು ಜಿಎಸ್‌ಟಿ ಥರ ತೆರಿಗೆ ಅಲ್ಲ. ಹೋಟೆಲ್‌ನವರು ಅದನ್ನ ತಾವಾಗೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಲ್ಲೂ ವಸೂಲಿ ಮಾಡಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸ್ತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನ ಎತ್ತಿಹಿಡೀತು. ತೆಗೀರಿ ಅಂತ ಕೇಳಬಹುದು, ತೆಗೀದಿದ್ರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ತಟ್ಟೆ ನಾವೇ ಎತ್ಕೊಂಡು ಬಂದು ಸರ್ವಿಸ್ ಚಾರ್ಜ್ ಕೊಡೋದಂತೂ ಕಾಮಿಡಿ.

ಈಗ ಕೊಡೋ ವಿಧಾನಕ್ಕೆ ಬರೋಣ. ಸೆಲ್ಫ್ ಸರ್ವಿಸಲ್ಲಿ ಟೇಬಲ್ ಮೇಲೆ ನೋಟು ಬಿಟ್ಟು ಬರಬೇಡಿ. ಮುಂದಿನ ಗಿರಾಕಿ ಎತ್ಕೋಬಹುದು, ಇಲ್ಲಾ ಚಟ್ನಿಯಲ್ಲಿ ಅದ್ದಿಹೋಗಬಹುದು. ಕ್ಯೂಆರ್ ಕಥೆ ಆಗಲೇ ಹೇಳಿದ್ವಿ. ಗಲ್ಲಾ ಹತ್ತಿರ ಟಿಪ್ಸ್ ಡಬ್ಬಿ ಇದ್ರೆ ಅದು ಯಾರ್ಯಾರಿಗೆ ಹಂಚ್ತಾರೆ ಅಂತ ಕೆಲಸ ಮಾಡೋರನ್ನೇ ಕೇಳಿ. ಇಲ್ಲಾಂದ್ರೆ ನೇರ ಕೈಗೆ ಕೊಡಿ. ಬಲಗೈಯಲ್ಲಿ ಕೊಡಿ, ಪ್ಲೇಟ್ ಎತ್ತೋ ಗಡಿಬಿಡಿ ಮುಗಿದ ಮೇಲೆ ಕೊಡಿ. 'ಟಿಪ್ಸ್' ಅಂತ ಹೇಳೋದಕ್ಕಿಂತ "ಕಾಫಿಗೆ ಇಟ್ಕೊಳ್ಳಿ ಅಕ್ಕಾ" ಅಂದ್ರೆ ಇಬ್ಬರಿಗೂ ಮುಜುಗರ ಆಗಲ್ಲ. ಬಕ್ಷೀಸು ಅನ್ನೋ ಪದ ನಮಗೆ ಗೊತ್ತಾಗಿದ್ದೇ ಈ ಲೇಖನಕ್ಕೆ ಅಜ್ಜನ್ನ ಕೇಳಿದಾಗ, ಇಂಗ್ಲಿಷ್ ಮೀಡಿಯಮ್ ಪ್ರಭಾವ! ಬೇಡ ಅಂದ್ರೆ ಒಂದು ಸಲ ಕೇಳಿ ಬಿಟ್ಟುಬಿಡಿ, ಒತ್ತಾಯ ಮಾಡಬೇಡಿ.

ಎಷ್ಟು ಅನ್ನೋದ್ರಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಕಡೂರಿನವನ ವಾದ, ಪ್ರತಿ ಸಲ ಕೊಡೋದು ಬೇಡ, ಹಾಸ್ಟೆಲ್ ಹುಡುಗರು ದುಡ್ಡಿರೋರ ಥರ ಆಡಿದ್ರೆ ಕೊಡೋಕೆ ಆಗದವರಿಗೆ ಇರಿಸುಮುರಿಸು. ತರೀಕೆರೆಯವಳು ಹೇಳೋದು, ಹತ್ತು ರೂಪಾಯಿಗೆ ಯಾರೂ ಬಡವರಾಗಲ್ಲ, ಚಿಪ್ಸ್ ಪ್ಯಾಕೆಟ್ ಬಿಟ್ಟರೆ ಆಯ್ತು. ಗಲೀಜು ಜಾಸ್ತಿ ಮಾಡಿದಾಗ, ಗುಂಪಾಗಿ ಹೋಗಿ ಬರ್ತ್‌ಡೇ ಕೇಕ್ ಮೆತ್ತಿದಾಗ ಕೊಡಲೇಬೇಕು ಅನ್ನೋದನ್ನ ಮಾತ್ರ ಮೂವರೂ ಒಪ್ಪಿದೀವಿ.

ಕಡೂರಿನ ಆ ಅಕ್ಕಂಗೆ ಆಮೇಲೆ ಹಳೇ ಬಾಕಿ 20 ರೂಪಾಯಿ ಕೈಗೇ ಕೊಟ್ವಿ. ತಗೊಂಡು ಸೆರಗಿಗೆ ಗಂಟು ಹಾಕ್ಕೊಂಡ್ರು. ನಿಮಗೆ ನಮ್ಮಿಂದ ಏನಾದ್ರೂ ತೊಂದರೆ ಆಗುತ್ತಾ ಅಂತ ಕೇಳಿದ್ವಿ. ಅವರು ದುಡ್ಡಿನ ಮಾತೇ ಎತ್ತಲಿಲ್ಲ. "ಕಾಫಿ ಲೋಟದೊಳಗೆ ಟಿಶ್ಯೂ ತುರುಕಬೇಡ್ರಪ್ಪಾ. ಒದ್ದೆಯಾಗಿ ಅಡೀಲಿ ಅಂಟ್ಕೊಂಡುಬಿಡುತ್ತೆ, ಬೆರಳು ಹಾಕಿ ಕೆರೀಬೇಕು" ಅಂದ್ರು. ನಮ್ಮ ಟೇಬಲ್ ಮೇಲೆ ಮೂರು ಲೋಟ ಇತ್ತು, ಮೂರರಲ್ಲೂ ಟಿಶ್ಯೂ ಇತ್ತು.